‘ವಯಸ್ಸಾಯ್ತಲ್ಲ’ ಎಂಬ ಮಾತಿನ ಮರೆಯಲ್ಲಿ ಶ್ವಾಸಕೋಶದ ಕ್ಯಾನ್ಸರ್

ಮಾನ್ಯ ಸಂಪಾದಕರೇ,

ಶ್ವಾಸಕೋಶದ ಕ್ಯಾನ್ಸರ್ ಬಗ್ಗೆ ಬರೆಯುವಾಗ ‘65 ದಾಟಿದವರು’ ಎಂದು ಎಲ್ಲ ಹಿರಿಯರನ್ನೂ ಒಂದೇ ಗಂಟಿನಲ್ಲಿ ಕಟ್ಟಿಬಿಡುವುದು ರೂಢಿಯಾಗಿದೆ. ಆದರೆ 66ರಲ್ಲಿ ಈ ಕಾಯಿಲೆ ತೋರಿಕೊಳ್ಳುವ ಬಗೆ ಬೇರೆ, 78ರಲ್ಲಿ ಬೇರೆ, 86ರಲ್ಲಿ ಇನ್ನೂ ಬೇರೆ. ಈ ವ್ಯತ್ಯಾಸ ಗಮನಕ್ಕೆ ಬಾರದೆ ಕೆಲವರಲ್ಲಿ ರೋಗ ತಡವಾಗಿ ಪತ್ತೆಯಾಗುತ್ತದೆ. ಪತ್ತೆಯಾದ ಮೇಲೂ ಒಬ್ಬರಿಗೆ ಸಲ್ಲಬೇಕಾದ ಚಿಕಿತ್ಸೆ ತಪ್ಪಿಹೋಗುತ್ತದೆ, ಮತ್ತೊಬ್ಬರ ಮೈಗೆ ತಾಳಲಾಗದ ಔಷಧ ಏರುತ್ತದೆ. ಇಂಥ ರೋಗಿಗಳನ್ನು ನೋಡುವ ವೈದ್ಯರಾಗಿ ಈ ವಿಷಯವನ್ನು ಓದುಗರ ಮುಂದಿಡಬೇಕೆನಿಸಿತು.

65ರಿಂದ 74ರ ನಡುವಿನವರಲ್ಲಿ ಲಕ್ಷಣಗಳು ಬಹುಮಟ್ಟಿಗೆ ಎದೆಯಿಂದಲೇ ಬರುತ್ತವೆ. ಮೂರು ವಾರ ಕಳೆದರೂ ಬಿಡದ ಕೆಮ್ಮು, ಕಫದಲ್ಲಿ ರಕ್ತದ ಎಳೆ, ಎದೆ ಅಥವಾ ಭುಜದ ನೋವು, ಸುಮ್ಮಸುಮ್ಮನೆ ತೂಕ ಇಳಿಯುವುದು, ಧ್ವನಿ ಒಡೆಯುವುದು. ಓಡಾಡಿಕೊಂಡಿರುವ ವಯಸ್ಸಾದ್ದರಿಂದ ಬದಲಾವಣೆ ಅವರಿಗೇ ತಿಳಿಯುತ್ತದೆ. ಅಡಿನೋಕಾರ್ಸಿನೋಮ ಎಂಬ ಬಗೆ ಮಾತ್ರ ಹೆಚ್ಚಾಗಿ ಶ್ವಾಸಕೋಶದ ಅಂಚಿನಲ್ಲಿ ಸದ್ದಿಲ್ಲದೆ ಬೆಳೆಯುತ್ತದೆ. ಬೀಡಿ, ಸಿಗರೇಟು ಮುಟ್ಟದವರಲ್ಲೂ ಕಾಣಿಸುವ ಬಗೆ ಇದು.

75ರಿಂದ 84ರವರಲ್ಲಿ ತೊಡಕು ಶುರುವಾಗುತ್ತದೆ. ಧೂಮಪಾನದಿಂದ ಬಂದ ಹಳೆಯ ದಮ್ಮು, ಹೃದಯದ ದೌರ್ಬಲ್ಯ, ಸಕ್ಕರೆ ಕಾಯಿಲೆ ಮೊದಲೇ ಇರುತ್ತವೆ. ಏದುಸಿರು ಹೆಚ್ಚಾದರೆ ಇನ್‌ಹೇಲರ್ ಬದಲಾಗುತ್ತದೆ, ಎದೆಯ ಚಿತ್ರ ತೆಗೆಸುವುದಿಲ್ಲ. ಕಫದಲ್ಲಿ ರಕ್ತ ಕಂಡರೆ ‘ರಕ್ತ ತೆಳುವಾಗಿಸುವ ಮಾತ್ರೆಯಿಂದ’ ಎಂದುಕೊಳ್ಳುತ್ತಾರೆ. ಆ ಮಾತ್ರೆ ರಕ್ತಸ್ರಾವವನ್ನು ಹೆಚ್ಚಿಸೀತು, ಆದರೆ ರಕ್ತ ಒಸರುವ ಜಾಗವೊಂದು ಒಳಗೆ ಇರಲೇಬೇಕಲ್ಲ? ಧೂಮಪಾನ ಮಾಡಿದ ಗಂಡಸರಲ್ಲಿ ಈ ವಯಸ್ಸಿಗೆ ಸ್ಕ್ವಾಮಸ್ ಎಂಬ ಬಗೆಯ ಕ್ಯಾನ್ಸರ್‌ನ ಪಾಲು ಹೆಚ್ಚು. ಅದು ದೊಡ್ಡ ಶ್ವಾಸನಾಳದೊಳಗೆ ಬೆಳೆದು ದಾರಿ ಕಟ್ಟುತ್ತದೆ. ಕಟ್ಟಿದ ಭಾಗದಲ್ಲಿ ಕಫ ನಿಂತು ನ್ಯುಮೋನಿಯಾ ಆಗುತ್ತದೆ. ಆ್ಯಂಟಿಬಯೋಟಿಕ್‌ಗೆ ಜ್ವರ ಇಳಿಯುತ್ತದೆ, ಗಡ್ಡೆ ಉಳಿಯುತ್ತದೆ. ಅದಕ್ಕೇ 50 ದಾಟಿದವರಿಗೆ, ಅದರಲ್ಲೂ ಧೂಮಪಾನಿಗಳಿಗೆ, ನ್ಯುಮೋನಿಯಾ ವಾಸಿಯಾದ ಆರು ವಾರಕ್ಕೆ ಮತ್ತೊಂದು ಎಕ್ಸ್‌ರೇ ತೆಗೆಸಲೇಬೇಕು. ಅದೇ ಜಾಗದಲ್ಲಿ ಎರಡನೇ ಸಲ ನ್ಯುಮೋನಿಯಾ ಬಂದರೆ ಸಿಟಿ ಸ್ಕ್ಯಾನ್ ಮಾಡಿಸಲು ತಡಮಾಡಬಾರದು.

85 ದಾಟಿದವರಲ್ಲಿ ಎದೆ ಬಹಳ ಸಲ ಬಾಯಿ ಬಿಡುವುದೇ ಇಲ್ಲ. ಊಟ ಸೇರದು, ಎರಡು ವಾರದಲ್ಲಿ ಎರಡು ಸಲ ಬೀಳುತ್ತಾರೆ, ಹಗಲೆಲ್ಲ ಮಂಪರು, ಮಾತು ತಪ್ಪುತ್ತದೆ. ಮನೆಯವರು ಮರೆವಿನ ಕಾಯಿಲೆ ಎಂದುಕೊಳ್ಳುತ್ತಾರೆ. ‘ಸಣ್ಣ ಕೋಶ’ ಎಂಬ ಬಗೆಯ ಶ್ವಾಸಕೋಶದ ಕ್ಯಾನ್ಸರ್ ಹೊರಸೂಸುವ ಹಾರ್ಮೋನಿನಿಂದ ರಕ್ತದ ಸೋಡಿಯಂ ಕುಸಿದರೂ ಹೀಗೇ ಆಗುತ್ತದೆ, ಸ್ಕ್ವಾಮಸ್ ಬಗೆಯಲ್ಲಿ ಕ್ಯಾಲ್ಸಿಯಂ ಏರಿದರೂ ಹೀಗೇ ಆಗುತ್ತದೆ, ಗಡ್ಡೆ ಮಿದುಳಿಗೆ ಹರಡಿದರೂ ಹೀಗೇ. ಸೋಡಿಯಂ, ಕ್ಯಾಲ್ಸಿಯಂ ಎರಡೂ ಸಾಮಾನ್ಯ ರಕ್ತಪರೀಕ್ಷೆಗಳು. ದಿಢೀರನೆ ಗೊಂದಲಕ್ಕೆ ಬಿದ್ದ ವೃದ್ಧರಲ್ಲಿ ಇವೆರಡನ್ನೂ ನೋಡಿ, ಜೊತೆಗೆ ಎದೆಯ ಎಕ್ಸ್‌ರೇ ತೆಗೆಸುವುದು ದೊಡ್ಡ ಕೆಲಸವೇನಲ್ಲ.

ಎಕ್ಸ್‌ರೇ ಸರಿಯಿದೆ ಎಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. ಐವರು ಶ್ವಾಸಕೋಶ ಕ್ಯಾನ್ಸರ್ ರೋಗಿಗಳಲ್ಲಿ ಸುಮಾರು ಒಬ್ಬರ ಎಕ್ಸ್‌ರೇಯಲ್ಲಿ ಅದು ಕಾಣದೆ ಹೋಗುತ್ತದೆ. ಹೃದಯದ ಹಿಂದೆ, ಕಾಲರ್ ಮೂಳೆಯ ಮರೆಯಲ್ಲಿ, ವಪೆಯ (ಎದೆ, ಹೊಟ್ಟೆಗಳ ನಡುವಿನ ಸ್ನಾಯುಪರದೆ) ಮರೆಯಲ್ಲಿ ಸೇರಿಕೊಂಡ ಗಡ್ಡೆ ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ. ಬೆನ್ನು ಬಾಗಿದವರು ನೇರ ನಿಂತು ಉಸಿರು ಪೂರ್ತಿ ಎಳೆದು ಹಿಡಿಯಲಾರರು. ಮಲಗಿಸಿ ತೆಗೆದ ಚಿತ್ರದಲ್ಲಿ ಅರ್ಧ ಶ್ವಾಸಕೋಶ ಮಬ್ಬಾಗಿರುತ್ತದೆ. ಲಕ್ಷಣ ಉಳಿದಿದ್ದರೆ ಸಿಟಿ ಮಾಡಿಸಬೇಕು.

ಇನ್ನು ಚಿಕಿತ್ಸೆ. ವಯಸ್ಸು ಹೆಚ್ಚಿದಂತೆ ಬಯಾಪ್ಸಿಯನ್ನೇ (ಗಡ್ಡೆಯ ಚೂರು ತೆಗೆದು ಪರೀಕ್ಷಿಸುವುದು) ಕೈಬಿಡುವವರು ಹೆಚ್ಚು. ‘ಈ ವಯಸ್ಸಲ್ಲಿ ಚುಚ್ಚುವುದು ಯಾಕೆ’ ಎಂಬ ಕರುಣೆ ಅರ್ಥವಾಗುವಂಥದ್ದೇ. ಆದರೆ ಇಜಿಎಫ್‌ಆರ್‌ನಂಥ ಜೀನ್ ಬದಲಾವಣೆ ಇದ್ದರೆ ದಿನಕ್ಕೊಂದು ಮಾತ್ರೆಯಿಂದಲೇ ಎಷ್ಟೋ ತಿಂಗಳು ಉಸಿರು ಸರಾಗವಾಗಬಹುದು. ಪರೀಕ್ಷಿಸದೆ ಅದು ಗೊತ್ತಾಗುವುದು ಹೇಗೆ? ಎದೆಗೂಡಿನಲ್ಲಿ ನೀರು ತುಂಬಿದ್ದರೆ, ಉಸಿರಾಟ ಹಗುರಾಗಲೆಂದು ತೆಗೆದ ಆ ನೀರಿನಲ್ಲೇ ಕ್ಯಾನ್ಸರ್ ಕೋಶ ಹುಡುಕಬಹುದು. ಅದೂ ಆಗದಿದ್ದರೆ ರಕ್ತದಲ್ಲಿ ಜೀನ್ ಪರೀಕ್ಷೆ ಇದೆ, ಆದರೆ ಅಲ್ಲಿ ‘ಇಲ್ಲ’ ಎಂದು ಬಂದರೆ ಅದೇ ಕೊನೆಯ ಮಾತಲ್ಲ. ಹರಡದ ಸಣ್ಣ ಗಡ್ಡೆಗೆ ಆಪರೇಷನ್ ತಾಳಲಾರದವರಿಗೆ, ಗುರಿಯಿಟ್ಟು ಕೊಡುವ ರೇಡಿಯೇಷನ್ ಸಾಮಾನ್ಯವಾಗಿ ಮೂರರಿಂದ ಐದು ಸಲಕ್ಕೆ ಮುಗಿಯುತ್ತದೆ.

ಕೀಮೋ ವಿಷಯದಲ್ಲಿ 2011ರಲ್ಲಿ ಪ್ರಕಟವಾದ ಫ್ರಾನ್ಸ್‌ನ ಅಧ್ಯಯನ ಕಣ್ಣು ತೆರೆಸುವಂಥದ್ದು. 70ರಿಂದ 89 ವಯಸ್ಸಿನ 451 ಮಂದಿಯಲ್ಲಿ ಎರಡು ಔಷಧ ಕೂಡಿಸಿ ಕೊಟ್ಟವರ ಮಧ್ಯಮ ಬದುಕುಳಿವಿನ ಅವಧಿ 10.3 ತಿಂಗಳು, ಒಂದೇ ಔಷಧ ಪಡೆದವರದು 6.2 ತಿಂಗಳು. ಆದರೆ ಎರಡು ಔಷಧದ ಗುಂಪಿನಲ್ಲಿ ಚಿಕಿತ್ಸೆಯಿಂದಲೇ ಸತ್ತವರೂ ಹೆಚ್ಚು. ಅಂದರೆ ಯಾರಿಗೆ ಕೊಡಬೇಕು ಎಂದು ಆರಿಸುವ ಕೆಲಸವೇ ಕಷ್ಟದ್ದು. ಜಿ8 ಎಂಬ ಎಂಟು ಪ್ರಶ್ನೆಗಳ ಪಟ್ಟಿ ಐದಾರು ನಿಮಿಷದಲ್ಲಿ ಮುಗಿಯುತ್ತದೆ: ಊಟ, ತೂಕ, ಓಡಾಟ, ಮರೆವು, ಮಾತ್ರೆಗಳ ಸಂಖ್ಯೆ ಇತ್ಯಾದಿ. 17ಕ್ಕೆ 14 ಅಥವಾ ಅದಕ್ಕಿಂತ ಕಡಿಮೆ ಅಂಕ ಬಂದರೆ ಪೂರ್ತಿ ವೃದ್ಧಾಪ್ಯ ತಪಾಸಣೆ ಬೇಕು.

ಅತಿ ಹೆಚ್ಚು ಎಡವುವುದು ಮೂತ್ರಪಿಂಡದ ಲೆಕ್ಕದಲ್ಲಿ. 82 ವರ್ಷದ, 45 ಕಿಲೋ ತೂಕದ ಮಹಿಳೆಯ ರಕ್ತದಲ್ಲಿ ಕ್ರಿಯಾಟಿನಿನ್ (ಸ್ನಾಯುವಿನಲ್ಲಿ ಹುಟ್ಟಿ ಮೂತ್ರಪಿಂಡ ಹೊರಹಾಕುವ ತ್ಯಾಜ್ಯ) 1.0 ಎಂದಿಟ್ಟುಕೊಳ್ಳಿ. ವರದಿಯಲ್ಲಿ ಅದು ‘ನಾರ್ಮಲ್’. ಆದರೆ ಸ್ನಾಯು ಕರಗಿದ ಮೈಯಲ್ಲಿ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆ. 140ರಲ್ಲಿ ವಯಸ್ಸು ಕಳೆದರೆ 58. ಅದನ್ನು 45ರಿಂದ ಗುಣಿಸಿ, 72ರಿಂದ ಭಾಗಿಸಿ, ಹೆಣ್ಣಾದ್ದರಿಂದ 0.85ರಿಂದ ಗುಣಿಸಿದರೆ ಮೂತ್ರಪಿಂಡದ ಸೋಸುವ ಶಕ್ತಿ ನಿಮಿಷಕ್ಕೆ ಸುಮಾರು 31 ಮಿಲಿಲೀಟರ್. ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧ ಕೊಡಲು ಸಾಮಾನ್ಯವಾಗಿ 50ರಿಂದ 60 ಆದರೂ ಬೇಕು. ಈ ಗುಣಾಕಾರಕ್ಕೆ ಅರ್ಧ ನಿಮಿಷ ಸಾಕು, ಮಾಡದಿದ್ದರೆ ಬರುವ ಹಾನಿಯನ್ನು ಸರಿಪಡಿಸಲಾಗದೆಯೂ ಹೋಗಬಹುದು. ಗ್ಯಾಸ್ಟ್ರಿಕ್ ಮಾತ್ರೆಯ ವಿಷಯವನ್ನೂ ಹೇಳಲೇಬೇಕು. ಎರ್ಲೋಟಿನಿಬ್, ಗೆಫಿಟಿನಿಬ್ ಎಂಬ ಇಜಿಎಫ್‌ಆರ್ ಮಾತ್ರೆ ನುಂಗುವವರು ಹೊಟ್ಟೆಯ ಆಮ್ಲ ತಗ್ಗಿಸುವ ಮಾತ್ರೆಯನ್ನೂ ತೆಗೆದುಕೊಂಡರೆ ಕ್ಯಾನ್ಸರ್ ಔಷಧ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ.

ಮನೆಯವರಲ್ಲಿ ಒಂದು ವಿನಂತಿ. ತಜ್ಞರ ಬಳಿ ಹೋಗುವಾಗ ನುಂಗುವ ಅಷ್ಟೂ ಮಾತ್ರೆಗಳ ಪಟ್ಟಿ, ಆರು ತಿಂಗಳ ಹಿಂದಿನ ತೂಕ, ಯಾರ ನೆರವಿಲ್ಲದೆ ಎಷ್ಟು ದೂರ ನಡೆಯುತ್ತಾರೆ ಎಂಬುದನ್ನು ಬರೆದುಕೊಂಡು ಹೋಗಿ. ಹಳೆಯ ಎಕ್ಸ್‌ರೇ, ಸಿಟಿ ಫಿಲ್ಮುಗಳನ್ನು ಎಸೆಯಬೇಡಿ. ಇಂದು ಕಂಡ ಗಟ್ಟಿ ಗಂಟು ಎರಡು ವರ್ಷದ ಹಿಂದಿನ ಸಿಟಿಯಲ್ಲೂ ಅಷ್ಟೇ ಗಾತ್ರದಲ್ಲಿದ್ದರೆ ಅದು ಕ್ಯಾನ್ಸರ್ ಆಗಿರುವ ಸಾಧ್ಯತೆ ತೀರಾ ಕಡಿಮೆ. ಹೀಗೆ ಹಳೆಯ ಫಿಲ್ಮಿನಿಂದ 85ರ ಹಿರಿಯರಿಗೆ ಒಂದು ಬಯಾಪ್ಸಿಯೇ ಬೇಡವಾಗಬಹುದು.

– ಶ್ವಾಸಕೋಶ ರೋಗಗಳ ವೈದ್ಯರ ಬಳಗ