ಮಗಳಿಗೊಂದು ಪತ್ರ: ಕಾರಿಗಿಂತ ಮೊದಲು ಜನ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಫೋಟೋಗಳನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. 1990ರ ಯೂನೋಸ್ ರೋಡ್‌ಸ್ಟರ್, ಮಾಜ್ದಾದವರ ಎರಡು ಸೀಟಿನ, ಮೇಲ್ಛಾವಣಿ ಮಡಚುವ ಕಾರು. ಕೆಂಪು ಬಣ್ಣ, ಸ್ವಿಚ್ ಒತ್ತಿದರೆ ಮೇಲೇಳುವ ಹೆಡ್‌ಲೈಟು. ಜಪಾನಿನ ನಾಗೋಯಾದಲ್ಲಿ ನಿನ್ನ ಆಫೀಸಿನವರೊಬ್ಬರು ಮಾರುತ್ತಿದ್ದಾರೆ, ತಗೊಳ್ಳಲಾ ಅಂತ ಕೇಳಿದ್ದೀಯ. ನಿಮ್ಮಪ್ಪ ಫೋನಿನಲ್ಲೇ ಬೇಡ ಅಂದುಬಿಟ್ಟರು. ಅವರಿಗೆ ಕಾರು ಅಂದರೆ ಶೋರೂಮಿನಿಂದ ಬರಬೇಕು, ವಾರಂಟಿ ಇರಬೇಕು. ನನ್ನ ಮಾತು ಬೇರೆ. ತಗೋ. ಆದರೆ ಅಡ್ವಾನ್ಸ್ ಕೊಡುವ ಮುಂಚೆ ಈ ಪತ್ರ ಪೂರ್ತಿ ಓದು. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹೇಳಬೇಕಾದ್ದು ಮುಖ್ಯವಾಗಿ ಒಂದೇ. ಕಾರು ಕೊಳ್ಳುವ ಮೊದಲು ಜನರನ್ನು ಹುಡುಕು. ಹಳೇ ಕಾರನ್ನು ಒಬ್ಬರೇ ಸಾಕುವುದಕ್ಕೆ ಆಗುವುದಿಲ್ಲ. ಅದೇ ಕಾರು ಇಟ್ಟುಕೊಂಡಿರುವ ನಾಲ್ಕು ಜನ ಬೇಕು, ಅದನ್ನು ಬಿಚ್ಚಿ ಜೋಡಿಸಿ ಗೊತ್ತಿರುವ ಒಬ್ಬ ಮೆಕ್ಯಾನಿಕ್ ಬೇಕು. ದುಡ್ಡು ಎಷ್ಟಿದ್ದರೂ ಆ ಜಾಗ ತುಂಬುವುದಿಲ್ಲ.

ನಮ್ಮ ಹೋಂಡಾ ಸಿಟಿ ಕಾರು ಮಂಡ್ಯದ ಹತ್ತಿರ ನಿಂತುಹೋಗಿದ್ದು ನಿನಗೆ ನೆನಪಿರಬೇಕು. ನೀನಿನ್ನೂ ಹೈಸ್ಕೂಲು. ಏಪ್ರಿಲ್ ಬಿಸಿಲು. ಕಬ್ಬಿನ ಹಾಲು ಕುಡಿಯೋಣ ಅಂತ ನಿಲ್ಲಿಸಿದ್ದೆವು. ವಾಪಸ್ ಬಂದು ಕೀ ತಿರುಗಿಸಿದರೆ ಸ್ಟಾರ್ಟರ್ ಸುತ್ತುತ್ತದೆ, ಇಂಜಿನ್ ಮಾತ್ರ ಹಿಡಿಯುವುದಿಲ್ಲ. ಅಲ್ಲೇ ಇದ್ದ ಮೆಕ್ಯಾನಿಕ್ ನೋಡಿ, ಪೆಟ್ರೋಲ್ ಪಂಪ್ ಹೋಗಿದೆ, ಟ್ಯಾಂಕ್ ಇಳಿಸಬೇಕು ಅಂದ. ಎರಡು ದಿನದ ಕೆಲಸ. ನಾನು ನಮ್ಮ ಹಳೇ ಕಾರಿನವರ ಗುಂಪಿನ ಕುವೆಂಪುನಗರದ ಹುಡುಗನಿಗೆ ಫೋನ್ ಮಾಡಿದೆ. "ಅಕ್ಕಾ, ಕೀ ಆನ್ ಮಾಡಿ ಸುಮ್ನೆ ಕಿವಿಗೊಡಿ. ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡು ಗುಂಯ್ ಅನ್ನುತ್ತಾ?" ಅಂತ ಕೇಳಿದ. ಇಲ್ಲ ಅಂದೆ. "ಹಾಗಾದ್ರೆ ಪಂಪ್ ಬಿಚ್ಚಿಸಬೇಡಿ. ಪಂಪಿಗೆ ಕರೆಂಟು ಬಿಡುವ ಮೇನ್ ರಿಲೇ ಕೆಟ್ಟಿರಬೇಕು. ಡ್ಯಾಶ್‌ಬೋರ್ಡ್ ಕೆಳಗಿದೆ, ಅದನ್ನು ತೆಗೆದು ಟಿವಿ ರಿಪೇರಿ ಅಂಗಡಿಗೆ ಕೊಂಡುಹೋಗಿ" ಅಂದ.

ಸಂಜಯ ಸರ್ಕಲ್ ಹತ್ತಿರದ ಒಂದು ಅಂಗಡಿಗೆ ಆಟೋದಲ್ಲಿ ಹೋದೆವು. ಅಂಗಡಿಯವರು ಆ ಪುಟ್ಟ ಪೆಟ್ಟಿಗೆಯ ಮುಚ್ಚಳ ತೆಗೆದು ಭೂತಗನ್ನಡಿ ಇಟ್ಟು ನಮ್ಮಿಬ್ಬರಿಗೂ ತೋರಿಸಿದರು. ಒಂದು ಪಿನ್ನಿನ ಸುತ್ತ ಕೂದಲೆಳೆಯಷ್ಟು ತೆಳ್ಳಗೆ, ಉಂಗುರದ ಹಾಗೆ ಬಿರುಕು. ಬಿಸಿಲಿಗೆ ನಿಂತ ಕಾರಿನ ಒಳಗೆ ಕಾವು ಏರಿದಾಗ ಬಿರುಕು ಬಾಯಿಬಿಡುತ್ತದೆ, ಪಂಪಿಗೆ ಕರೆಂಟು ಹೋಗುವುದಿಲ್ಲ. ತಣ್ಣಗಾದ ಮೇಲೆ ಮತ್ತೆ ಕೂಡಿಕೊಳ್ಳುತ್ತದೆ. 90ರ ದಶಕದ ಹೋಂಡಾಗಳಲ್ಲಿ ಇದು ಎಲ್ಲ ದೇಶದವರಿಗೂ ಗೊತ್ತಿರುವ ರೋಗ. ಸೋಲ್ಡರ್ ಹಚ್ಚಿದರು, ಕಾರು ಒಂದೇ ಕೀಗೆ ಎದ್ದಿತು. ಚಹಾದ ಖರ್ಚಿಗಿಂತ ಸ್ವಲ್ಪ ಜಾಸ್ತಿ ಆಯಿತು, ಅಷ್ಟೇ. ಅವತ್ತಿನಿಂದ ಒಂದು ಹೆಚ್ಚುವರಿ ರಿಲೇ ಗ್ಲೋವ್ ಬಾಕ್ಸಿನಲ್ಲೇ ಇದೆ.

ಆ ಹುಡುಗ ಅದನ್ನು ಯಾವ ಕಾಲೇಜಿನಲ್ಲೂ ಕಲಿತವನಲ್ಲ. ಅವನಿಗೆ ಇನ್ನೊಬ್ಬರು ಹೇಳಿದ್ದರು. ನಾನು ಆಮೇಲೆ ಎಷ್ಟೋ ಜನಕ್ಕೆ ಹೇಳಿದೆ. ಜನ ಹುಡುಕು ಅನ್ನುವುದು ಇದಕ್ಕೇ.

ನಮ್ಮ ಮೈಸೂರಿಗೆ ಇದೇನೂ ಹೊಸದಲ್ಲ ಅಲ್ವಾ? ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಕಾರ್ಖಾನೆ 1961ರಲ್ಲಿ ಶುರುವಾಯಿತು, 1996ರಲ್ಲಿ ಬಾಗಿಲು ಹಾಕಿತು. ಕಾರ್ಖಾನೆ ಹೋಗಿ ಇಷ್ಟು ವರ್ಷವಾದರೂ ಅಲ್ಲಿ ತಯಾರಾದ ಯೆಜ್ಡಿ ಬೈಕುಗಳು ಇವತ್ತಿಗೂ ಚಾಮುಂಡಿ ಬೆಟ್ಟ ಹತ್ತುತ್ತಿವೆ. ಕಂಪನಿಯೇ ಇಲ್ಲದ ಗಾಡಿಯನ್ನು ಓಡಿಸುತ್ತಿರುವವರು ಯಾರು? ಮನೆಯಲ್ಲಿ ಪಿಸ್ಟನ್ ಎತ್ತಿಟ್ಟುಕೊಂಡವರು, ಕಾರ್ಬ್ಯುರೇಟರ್ ಟ್ಯೂನಿಂಗ್ ಮಗನಿಗೆ ಹೇಳಿಕೊಟ್ಟವರು. ನಮ್ಮ ಬನ್ನಿಮಂಟಪದ ಮೇಸ್ತ್ರಿಯ ಅಪ್ಪ ಆ ಕಾರ್ಖಾನೆಯಲ್ಲೇ ಕೆಲಸ ಮಾಡಿದವರು. ಮಗ ಜಪಾನಿನ ಕಾರುಗಳಿಗೆ ಕೈ ಹಾಕಿದರು, ಆದರೆ ಕಿವಿ ಅಪ್ಪನದೇ. ಬಾನೆಟ್ ತೆಗೆಯುವ ಮೊದಲೇ ಅರ್ಧ ಕಾಯಿಲೆ ಹೇಳುತ್ತಾರೆ.

ಭಾನುವಾರ ಬೆಳಿಗ್ಗೆ ಲಲಿತಮಹಲ್ ರಸ್ತೆಯಲ್ಲಿ ನಾವು ಸೇರುವುದನ್ನು ನೀನು ನೋಡಿದ್ದೀಯ. ಸಿಟಿ ವಿಟೆಕ್‌ಗಳು, ಮಿತ್ಸುಬಿಷಿ ಲ್ಯಾನ್ಸರ್, ಹಳೇ ಝೆನ್, ಮೂಲೆಯಲ್ಲಿ ಹೊಗೆ ಬಿಡುತ್ತಾ ಒಂದೆರಡು ಯಮಹಾ ಆರ್‌ಎಕ್ಸ್ 100 ಬೈಕು. ಜಪಾನಿನಲ್ಲಿ ಇವನ್ನು ಯಾರೂ ಸ್ಪೋರ್ಟ್ಸ್ ಕಾರು ಅನ್ನುವುದಿಲ್ಲ, ಗೊತ್ತು. ನಮಗೆ ಸಿಕ್ಕಿದ್ದು ಇವು. 2000ದಲ್ಲಿ ಸಿಟಿಗೆ ವಿಟೆಕ್ ಇಂಜಿನ್ ಬಂದಾಗ 1493 ಸಿಸಿಯಲ್ಲಿ 106 ಕುದುರೆ ಬಲ ಅಂದರೆ ಇಲ್ಲಿ ದೊಡ್ಡ ಸುದ್ದಿ. ಅದರ ಗುಟ್ಟು ನಿನಗೆ ಒಂದು ಸಲ ಹೇಳಿದ್ದೆ. ಇಂಜಿನ್ನಿನ ವಾಲ್ವ್ ತೆರೆಯುವ ದಂಡ ಕ್ಯಾಮ್‌ಶಾಫ್ಟಿನಲ್ಲಿ ಎರಡು ಬಗೆಯ ಉಬ್ಬು ಇರುತ್ತದೆ, ನಿಧಾನಕ್ಕೆ ಒಂದು, ವೇಗಕ್ಕೆ ಒಂದು. ವೇಗ ಏರಿದಾಗ ಆಯಿಲಿನ ಒತ್ತಡ ಒಂದು ಪಿನ್ನನ್ನು ತಳ್ಳಿ ಎರಡನೆಯದನ್ನು ಕೆಲಸಕ್ಕೆ ಹಚ್ಚುತ್ತದೆ. ಅಂದರೆ ಆಯಿಲ್ ಕಮ್ಮಿಯಾದರೆ, ಕೊಳೆಯಾದರೆ ವಿಟೆಕ್ ಏಳುವುದೇ ಇಲ್ಲ. ಬಿಇಎಂಎಲ್ ಕಾರ್ಖಾನೆಯಲ್ಲಿ ಇಷ್ಟು ವರ್ಷ ಇಂಜಿನ್ ನೋಡಿದವಳು ನಾನು. ಆಯಿಲ್ ವಿಷಯದಲ್ಲಿ ಜಿಪುಣತನ ಮಾಡಿದ ಇಂಜಿನ್ ಉದ್ಧಾರವಾಗಿದ್ದನ್ನು ಕಾಣೆ.

ಗುಂಪಿನವರೆಲ್ಲ ದುಡ್ಡು ಹಾಕಿ, ಗುಜರಿಗೆ ಹೋಗುತ್ತಿದ್ದ ಒಂದು ಸಿಟಿಯನ್ನು ಕೊಂಡೆವು. ಅದರ ಡಿಸ್ಟ್ರಿಬ್ಯೂಟರ್, ಬಾಗಿಲು, ಗಾಜು ಎಲ್ಲ ಒಬ್ಬರ ಶೆಡ್ಡಿನಲ್ಲಿದೆ. ಯಾರು ಏನು ತೆಗೆದುಕೊಂಡರೋ ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಲಾಭಕ್ಕೆ ಮಾರುವಂತಿಲ್ಲ. ಬಿಡಿಭಾಗ ಕೂಡಿಟ್ಟು ಮೂರು ಪಟ್ಟು ಬೆಲೆ ಹೇಳುವವರನ್ನು ಕಂಡರೆ ನನಗೆ ಬಹಳ ಬೇಜಾರು. ಅಂಥವರಿಂದಲೇ ಎಷ್ಟೋ ಒಳ್ಳೆಯ ಕಾರು ಗುಜರಿ ಸೇರುತ್ತಿವೆ.

ಈಗ ನಿನ್ನ ಕಾರಿನ ವಿಷಯ. ನಾನು ಹೂಂ ಅಂದಿದ್ದಕ್ಕೆ ದೊಡ್ಡ ಕಾರಣ ಅದರ ವೇಗವಲ್ಲ. 1597 ಸಿಸಿ, 120 ಕುದುರೆ ಬಲ. ಇವತ್ತಿನ ಲೆಕ್ಕಕ್ಕೆ ಏನೇನೂ ಅಲ್ಲ. ಆದರೆ ತೂಕ ಬರೀ 940 ಕೆಜಿ ಆಸುಪಾಸು. ಹಗುರವಾದ ಕಾರಿಗೆ ಬ್ರೇಕು, ಟೈರು, ಬೇರಿಂಗು ಎಲ್ಲ ಜಾಸ್ತಿ ದಿನ ಬಾಳುತ್ತವೆ. ಎರಡನೆಯದು, 1989ರಲ್ಲಿ ಶುರುವಾದ ಈ ಸಾಲಿನ ಕಾರು 2016ಕ್ಕೆ ಹತ್ತು ಲಕ್ಷ ಮುಟ್ಟಿತು. ಅಷ್ಟು ಕಾರು ಇದ್ದರೆ ಅಷ್ಟು ಭಾಗವೂ ಇರುತ್ತದೆ, ಅಷ್ಟು ಜನವೂ ಇರುತ್ತಾರೆ. ಮಾಜ್ದಾದವರು 2017ರ ಕೊನೆಗೆ ಈ ಮೊದಲ ತಲೆಮಾರಿನ ರೋಡ್‌ಸ್ಟರನ್ನು ತಾವೇ ಹೊಸದರಂತೆ ಮಾಡಿಕೊಡುವ ಕೆಲಸ ಶುರು ಮಾಡಿದರು. ನಿಂತುಹೋಗಿದ್ದ ಬಟ್ಟೆಯ ಮೇಲ್ಛಾವಣಿ, ಮರದ ಸ್ಟಿಯರಿಂಗು, ಅದೇ ಅಚ್ಚಿನ ಬ್ರಿಜ್‌ಸ್ಟೋನ್ ಟೈರು, ಎಲ್ಲ ಮತ್ತೆ ತಯಾರಾದವು. ತಾನು ಹೆತ್ತ ಕಾರನ್ನು ಮರೆಯದ ಕಂಪನಿ ಎಂದರೆ ನನಗೆ ಗೌರವ. ನಮ್ಮ ಸಿಟಿಗೆ ಆ ಭಾಗ್ಯ ಇಲ್ಲ.

ನೋಡಲು ಹೋಗುವಾಗ ಟಾರ್ಚು, ಬಟ್ಟೆ ಸುತ್ತಿದ ಒಂದು ಅಯಸ್ಕಾಂತ ತಗೊಂಡು ಹೋಗು. ಮೊದಲು ಬಣ್ಣ ನೋಡಬೇಡ, ನೆಲಕ್ಕೆ ಕೂತು ಬಾಗಿಲ ಕೆಳಗಿನ ಪಟ್ಟಿ ನೋಡು, ಅದರಲ್ಲೂ ಹಿಂದಿನ ಚಕ್ರದ ಮುಂದಿನ ಮೂಲೆ. ಮೇಲ್ಛಾವಣಿಯ ಮೇಲೆ ಬಿದ್ದ ಮಳೆ ನೀರು ಸೀಟಿನ ಹಿಂದಿನ ಎರಡು ತೂತಿನಿಂದ ಇಳಿದು ಹೋಗಬೇಕು. ಎಲೆ, ಧೂಳು ಕಟ್ಟಿಕೊಂಡರೆ ನೀರು ಒಳಗೇ ನಿಂತು ಆ ಪಟ್ಟಿಯನ್ನು ಒಳಗಿನಿಂದ ತಿನ್ನುತ್ತದೆ. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಏನೂ ಉಳಿದಿರುವುದಿಲ್ಲ. ಅಯಸ್ಕಾಂತ ಹಿಡಿಯದಿದ್ದರೆ ಅಲ್ಲಿ ತಗಡಿಲ್ಲ, ತೂತು ಮುಚ್ಚುವ ಪೇಸ್ಟ್ ಮೆತ್ತಿದ್ದಾರೆ ಅಂತ ತಿಳಿ. ಕಾರು ಮೊದಲು ಹಿಮ ಬೀಳುವ ಊರಿನಲ್ಲಿ ಇತ್ತಾ ಅಂತಲೂ ಕೇಳು. ಅಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ.

ಆಮೇಲೆ ಇಂಜಿನ್. 1990ರದ್ದು ಅಂದರೆ ಇಂಜಿನ್ನಿನ ಮುಖ್ಯ ದಂಡ ಕ್ರ್ಯಾಂಕ್‌ಶಾಫ್ಟಿನ ಮುಂದಿನ ತುದಿ, ಅಂದರೆ ಮೂತಿ, ಗಿಡ್ಡ ಇರುವ ಸಾಧ್ಯತೆ ಜಾಸ್ತಿ. ಮುಂದಿನ ಕೆಳಗಿನ ಪುಲ್ಲಿಯಲ್ಲಿ ನಾಲ್ಕು ಸಂದು ಕಂಡರೆ ಗಿಡ್ಡ ಮೂತಿ, ಎಂಟಿದ್ದರೆ ಉದ್ದದ್ದು. ಗಿಡ್ಡ ಇದ್ದರೆ ಕಾರು ಬೇಡ ಅಂತಲ್ಲ. ಇಂಜಿನ್ ಓಡುತ್ತಿರುವಾಗ ಪುಲ್ಲಿ ಅಲ್ಲಾಡುತ್ತಾ ನೋಡು. ಅಲ್ಲಾಡಿದರೆ ಒಳಗೆ ಪುಲ್ಲಿಯನ್ನು ಹಿಡಿದಿಡುವ ಕೀಲಿ ಕೂರುವ ಸಂದು ಸವೆದಿದೆ, ನಮಸ್ಕಾರ ಹೇಳಿ ಬಂದುಬಿಡು. ಟಪ್ ಟಪ್ ಸದ್ದು ಬಂದರೆ ಹೆದರಬೇಡ. ಅದು ವಾಲ್ವ್ ತಳ್ಳುವ ಲಿಫ್ಟರ್, ಒಳ್ಳೆ ಆಯಿಲ್ ಬಿದ್ದರೆ ಹೆಚ್ಚಾಗಿ ಕಮ್ಮಿಯಾಗುತ್ತದೆ. ಇಂಜಿನ್ನಿನ ರಬ್ಬರ್ ಟೈಮಿಂಗ್ ಬೆಲ್ಟ್ ಒಂದು ಲಕ್ಷ ಕಿಲೋಮೀಟರಿಗೆ ಬದಲಿಸಬೇಕು. ಕಿಲೋಮೀಟರ್ ಕಮ್ಮಿ ಓಡಿದೆ ಅಂತ ಅವರು ಹೇಳಿದರೂ ರಬ್ಬರಿಗೆ ವಯಸ್ಸಾಗುತ್ತದೆ. ಬಿಲ್ ತೋರಿಸದಿದ್ದರೆ ಬದಲಿಸಿಲ್ಲ ಅಂತಲೇ ಲೆಕ್ಕ ಹಿಡಿ.

ಇಲ್ಲಿ ನನಗೆ ಈಗಿನ ಚಿಂತೆಯೂ ರಬ್ಬರಿನದೇ. ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಭಾಗ ಎಥನಾಲ್. ಕಬ್ಬಿನ ಗದ್ದೆ ಮಧ್ಯೆ ಬೆಳೆದ ನನಗೆ ಎಥನಾಲ್ ಮೇಲೆ ಸಿಟ್ಟಿಲ್ಲ, ಬೆಳೆಗಾರರಿಗೆ ನಾಲ್ಕು ಕಾಸು ಸಿಗಲಿ. ಆದರೆ ನಮ್ಮ ಕಾರಿನ ಹಳೇ ಪೈಪು, ಸೀಲುಗಳು ಅದಕ್ಕೆ ಅಂತ ಮಾಡಿದವಲ್ಲ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಪೆಟ್ರೋಲ್ ಪೈಪುಗಳನ್ನೆಲ್ಲ ಬದಲಿಸಿದೆ, ಟ್ಯಾಂಕ್ ತುಂಬಿ ತಿಂಗಳುಗಟ್ಟಲೆ ನಿಲ್ಲಿಸುವುದನ್ನು ಬಿಟ್ಟೆ. ಸಿಟಿಯ 15 ವರ್ಷ ಮುಗಿದ ಮೇಲೆ 5 ವರ್ಷಕ್ಕೊಮ್ಮೆ ಆರ್‌ಟಿಓಗೆ ಕೊಂಡೊಯ್ದು ತೋರಿಸುತ್ತಿದ್ದೇನೆ. ನಿನಗೆ ಅಲ್ಲಿ ಎರಡು ವರ್ಷಕ್ಕೊಮ್ಮೆ ಶಾಕೆನ್ ತಪಾಸಣೆ, 13 ವರ್ಷ ದಾಟಿದ ಕಾರಿಗೆ ತೆರಿಗೆಯೂ ಜಾಸ್ತಿ. ಶಾಕೆನ್ ಇನ್ನು ಎಷ್ಟು ತಿಂಗಳಿದೆ ಅಂತ ನೋಡಿಕೊಂಡೇ ಬೆಲೆ ಮಾತಾಡು. ಮನೆಯಿಂದ ಎರಡು ಕಿಲೋಮೀಟರ್ ಒಳಗೆ ಪಾರ್ಕಿಂಗ್ ಜಾಗ ತೋರಿಸದೆ ಅಲ್ಲಿ ಕಾರು ನಿನ್ನ ಹೆಸರಿಗೆ ಆಗುವುದಿಲ್ಲ. ಅದನ್ನು ಮೊದಲು ಗೊತ್ತು ಮಾಡು.

ಜನ ಎಲ್ಲಿ ಸಿಗುತ್ತಾರೆ ಅಂತ ಕೇಳಬೇಡ, ನೀನಿರುವುದೇ ಅವರ ಊರಿನಲ್ಲಿ. ಮೇ ಕೊನೆಗೆ ಕರುಯಿಜಾವಾದಲ್ಲಿ ರೋಡ್‌ಸ್ಟರಿನವರೆಲ್ಲ ಸೇರುತ್ತಾರೆ. ಯೊಕೊಹಾಮಾದ ದೈಕೊಕು ಪಾರ್ಕಿಂಗಿನಲ್ಲಿ ಎಲ್ಲ ತರಹದ ಕಾರಿನವರೂ ಬರುತ್ತಾರೆ. ನಾಗೋಯಾದ ಪಕ್ಕದ ನಾಗಾಕುತೆಯಲ್ಲಿ ಟೊಯೋಟಾದವರ ಕಾರ್ ಮ್ಯೂಸಿಯಂ ಇದೆ. 1967ರ ಟೊಯೋಟಾ 2000ಜಿಟಿಯನ್ನು ಅಲ್ಲಿ ಕಣ್ಣಾರೆ ನೋಡಿ ಬಾ, ನನ್ನ ಪರವಾಗಿಯೂ. ಎಲ್ಲಕ್ಕಿಂತ ಮೊದಲು, ಮಾರುತ್ತಿರುವವರನ್ನೇ ಕೇಳು: ನೀವು ಇದನ್ನು ಯಾರ ಹತ್ತಿರ ರಿಪೇರಿ ಮಾಡಿಸುತ್ತಿದ್ದಿರಿ, ನನ್ನನ್ನು ಒಂದು ಸಲ ಅಲ್ಲಿಗೆ ಕರೆದುಕೊಂಡು ಹೋಗುತ್ತೀರಾ ಅಂತ. ಸಂತೋಷದಿಂದ ಕರೆದುಕೊಂಡು ಹೋದರೆ ಆ ಕಾರು ಒಳ್ಳೆಯವರ ಕೈಯಲ್ಲಿ ಬೆಳೆದಿದೆ. ನಿನ್ನ ಜಪಾನಿ ತಡವರಿಸಿದರೂ ಪರವಾಗಿಲ್ಲ. ಕೈಗೆ ಗ್ರೀಸ್ ಹತ್ತಿದವರ ಹತ್ತಿರ ಅರ್ಧ ಮಾತು ಬೆರಳಲ್ಲೇ ಆಗುತ್ತದೆ.

ಒಂದು ವಿಷಯ ಮಾತ್ರ ಮೊದಲೇ ಮನಸ್ಸಿಗೆ ತಂದುಕೋ. ವಾಪಸ್ ಬರುವಾಗ ಅದನ್ನು ಮೈಸೂರಿಗೆ ತರಲು ಆಗುವುದಿಲ್ಲ. ಮೂರು ವರ್ಷಕ್ಕಿಂತ ಹಳೆಯ ಕಾರನ್ನು ಹಾಗೆ ತರಿಸಿಕೊಳ್ಳಲು ನಮ್ಮ ಕಾನೂನು ಬಿಡುವುದಿಲ್ಲ, ಸುಂಕದ ಮಾತು ಬೇರೆ. ಅದಕ್ಕೇ ಮೊದಲ ದಿನದಿಂದಲೇ ಒಂದು ಪುಸ್ತಕ ಇಡು. ಯಾವ ದಿನ ಏನು ಬದಲಾಯಿಸಿದೆ, ಯಾವ ಆಯಿಲ್ ಹಾಕಿದೆ, ಎಲ್ಲ ಬರೆ. ನಿನ್ನ ನಂತರ ಅದನ್ನು ಓಡಿಸುವವರಿಗೆ ಕೊಡಬೇಕಲ್ಲ.

ಈ ಶನಿವಾರ ಹೋಗಿ ಈ ಫೋಟೋಗಳನ್ನು ಕಳಿಸು: ಬಾಗಿಲ ಕೆಳಗಿನ ಪಟ್ಟಿ ಎರಡೂ ಕಡೆಯದು, ಪುಲ್ಲಿಯದು, ಸರ್ವಿಸ್ ಬಿಲ್ಲುಗಳದ್ದು. ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡುವ ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು, ಮೇಸ್ತ್ರಿಗೆ ಕೇಳಿಸುತ್ತೇನೆ. ಭಾನುವಾರ ಗುಂಪಿನವರಿಗೆಲ್ಲ ತೋರಿಸಿ ಸಂಜೆ ಫೋನ್ ಮಾಡುತ್ತೇನೆ. ಅಲ್ಲಿಯವರೆಗೂ ಯಾರಿಗೂ ಮಾತು ಕೊಡಬೇಡ. ಅಪ್ಪನನ್ನು ಒಪ್ಪಿಸುವುದು ನನಗೆ ಬಿಡು.

ನಿನ್ನ
ಅಮ್ಮ