ಪುಟ್ಟಿಗೆ, ಆ 21 ಅಂಕಿಯ ಸಂಖ್ಯೆ ಬಗ್ಗೆ

ಪುಟ್ಟಿ,

ನಿನ್ನ ಮೆಸೇಜ್ ನೋಡ್ದೆ. ಎರಡರ ಘಾತ 67 (ಅಂದ್ರೆ 67 ಎರಡುಗಳ ಗುಣಲಬ್ಧ) ಮೈನಸ್ ಒಂದು ಪ್ರೈಮ್ (ಅವಿಭಾಜ್ಯ ಸಂಖ್ಯೆ) ಅಲ್ಲ ಅಂತ ಕಂಪ್ಯೂಟರ್ ಹೇಳ್ತು, ಅಲ್ಲಿಗೆ ಮುಗೀತು ದೊಡ್ಡಪ್ಪ ಅಂತ ಬರ್ದಿದೀಯ. ಮುಗಿದಿಲ್ಲಮ್ಮ, ಶುರುವಾಗೋದೇ ಅಲ್ಲಿಂದ.

ಆ ಸಂಖ್ಯೆ 147573952589676412927. ಒಟ್ಟು 21 ಅಂಕಿ. 1644ರಲ್ಲಿ ಫ್ರಾನ್ಸಿನ ಮರ್ಸೆನ್ ಅನ್ನೋ ಪಾದ್ರಿ ಇದು ಪ್ರೈಮ್ ಅಂತ ತನ್ನ ಪಟ್ಟಿಲಿ ಬರೆದುಬಿಟ್ರು, ಇನ್ನೂರು ವರ್ಷದ ಮೇಲೆ ಅದು ಹಾಗೇ ಉಳೀತು. 1876ರಲ್ಲಿ ಲೂಕಾ ಅನ್ನೋ ಗಣಿತಜ್ಞರು ಇದು ಪ್ರೈಮ್ ಅಲ್ಲ ಅಂತ ತೋರಿಸಿದ್ರು, ಆದ್ರೆ ಇದನ್ನ ಶೇಷವಿಲ್ದೆ ಭಾಗಿಸೋ ಒಂದೇ ಒಂದು ಫ್ಯಾಕ್ಟರೂ (ಅಪವರ್ತನ) ಅವರ ಕೈಗೆ ಸಿಗ್ಲಿಲ್ಲ. ಹಲಸಿನಹಣ್ಣು ತಟ್ಟಿ ನೋಡಿದ್ರೆ ಹಣ್ಣಾಗಿದೆ ಅಂತ ಗೊತ್ತಾಗುತ್ತೆ, ಒಳಗೆ ಎಷ್ಟು ತೊಳೆ ಇದೆ ಅನ್ನೋದು ಕೊಯ್ದ ಮೇಲೇನೇ ಅಲ್ವಾ, ಹಾಗೆ. ನೀನು ಈಗ ತಟ್ಟಿ ನೋಡಿದೀಯ ಅಷ್ಟೇ.

ಕೊಯ್ದವರು ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್. 1903ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಲ್ಲಿ ಗಣಿತದವರ ಸಭೆ, ಅವರು ಒಂದು ಮಾತೂ ಆಡದೆ ಬೋರ್ಡ್ ಹತ್ರ ಹೋಗಿ ಒಂದು ಕಡೆ ಈ ಸಂಖ್ಯೆ ಬರೆದು ಇನ್ನೊಂದು ಕಡೆ 193707721 ಇಂಟು 761838257287 ಗುಣಿಸಿ ತೋರಿಸಿ ಸುಮ್ನೆ ಬಂದು ಕೂತ್ರು, ಎಲ್ರೂ ಚಪ್ಪಾಳೆ ಹೊಡೆದ್ರು ಅಂತ ಹೇಳ್ತಾರೆ. ಎಷ್ಟು ದಿನ ಹಿಡೀತು ಅಂತ ಆಮೇಲೆ ಕೇಳಿದ್ರೆ ಮೂರು ವರ್ಷದ ಭಾನುವಾರಗಳು ಅಂದ್ರಂತೆ. ಇದನ್ನ ನೆನೆಸ್ಕೊಂಡಾಗೆಲ್ಲ ನಂಗೆ ಈಗಲೂ ಮೈ ಜುಮ್ ಅನ್ನುತ್ತೆ.

ಈಗ ನಿನ್ನ ಕೆಲಸ. ಸಿಕ್ಕಸಿಕ್ಕಿದ್ರಿಂದ ಭಾಗಿಸ್ತಾ ಹೋಗ್ಬೇಡ, ಮೊದ್ಲು ಸ್ವಲ್ಪ ಯೋಚ್ನೆ ಮಾಡು. ಯಾವ್ದೋ ಒಂದು ಪ್ರೈಮ್ ಇದನ್ನ ಭಾಗಿಸುತ್ತೆ ಅಂದ್ಕೋ, ಅಂದ್ರೆ ಅದ್ರಿಂದ ಎರಡರ ಘಾತ 67ನ್ನ ಭಾಗಿಸಿದ್ರೆ ಶೇಷ 1. ಫರ್ಮಾ ಅನ್ನೋ ಗಣಿತಜ್ಞರು ಹೇಳಿದ ಪ್ರಕಾರ ಆ ಪ್ರೈಮಲ್ಲಿ ಒಂದು ಕಳೆದು ಎರಡಕ್ಕೆ ಅಷ್ಟು ಘಾತ ಹಾಕಿದ್ರೂ ಶೇಷ 1 ಬರ್ಬೇಕು. ಶೇಷ 1 ಬರೋ ಅತಿ ಚಿಕ್ಕ ಘಾತ ಈ ಎರಡು ಘಾತಗಳನ್ನೂ ಭಾಗಿಸುತ್ತೆ, 67 ತಾನೇ ಪ್ರೈಮ್ ಆಗಿರೋದ್ರಿಂದ ಆ ಚಿಕ್ಕ ಘಾತ 67 ಆಗಲೇಬೇಕು, ಹಾಗಾಗಿ ಒಂದು ಕಳೆದು ಉಳಿದದ್ದನ್ನ 67 ಭಾಗಿಸಲೇಬೇಕು, ಅದು ಸಮಸಂಖ್ಯೆ ಬೇರೆ, ಹಾಗಾಗಿ 134ರ ಮಗ್ಗಿಲಿ ಬರೋ ಸಂಖ್ಯೆಗೆ ಒಂದು ಕೂಡಿಸಿದವನ್ನ ಮಾತ್ರ ನೋಡಿದ್ರೆ ಸಾಕು. ಕೋಲ್ ಅವರ ಚಿಕ್ಕ ಫ್ಯಾಕ್ಟರ್ ತಗೋ, ಒಂದು ಕಳೆದು 134ರಿಂದ ಭಾಗಿಸು, ಸರಿಯಾಗಿ 1445580 ಬರುತ್ತೆ. ಇನ್ನೊಂದು ಸೋಸಣಿಗೆಯೂ ಇದೆ, 8ರಿಂದ ಭಾಗಿಸಿದ್ರೆ ಶೇಷ 1 ಅಥವಾ 7 ಬರ್ಬೇಕು, ಅದು ಯಾಕೆ ಅಂತ ನಾನು ಹೇಳಲ್ಲ, ನೀನೇ ಹುಡುಕು. ಇಷ್ಟು ಸೋಸಿ ಪ್ರೋಗ್ರಾಂ ಬರಿ, ಕಣ್ಣು ಮಿಟುಕಿಸೋದ್ರಲ್ಲಿ ಸಿಗುತ್ತೆ.

ಅದಾದ ಮೇಲೆ ಕಂಪ್ಯೂಟರ್ ಮುಚ್ಚಿಟ್ಟು ಒಂದು ಭಾನುವಾರ ಆ ಎರಡನ್ನೂ ಕೈಯಲ್ಲೇ ಗುಣಿಸು. ತಪ್ಪಾಗುತ್ತೆ, ಬೇಜಾರು ಮಾಡ್ಕೋಬೇಡ, ದಶಕ ಎಲ್ಲಿ ಬಿಟ್ಟೆ ನೋಡು. ಅಂಕಿಗಳನ್ನ ಕೂಡಿಸಿ ಕೂಡಿಸಿ ಒಂದಂಕಿಗೆ ಇಳಿಸಿದ್ರೆ ಎರಡು ಫ್ಯಾಕ್ಟರ್‌ಗೂ 1 ಬರುತ್ತೆ, ಉತ್ತರಕ್ಕೂ 1 ಬರ್ಬೇಕು. ಬಂದ್ರೆ ಹಾಳೆದು ಫೋಟೋ ತೆಗೆದು ಕಳ್ಸು, ಚಿತ್ತುಕಾಟು ಇದ್ರೂ ಪರ್ವಾಗಿಲ್ಲ.

ನಿನ್ನ
ದೊಡ್ಡಪ್ಪ