ಎರಡನೇ ಹೀರೋಗೆ ಬಿದ್ದ ಚಪ್ಪಾಳೆ

ತಂಗೀ,

ನೀನು ಆ್ಯಪ್‌ನಲ್ಲಿ ಅಧ್ಯಾಯ ಅಧ್ಯಾಯವಾಗಿ ಹಾಕಿದ ಕಾದಂಬರಿ ಓದಿ ಮುಗಿಸಿದೆ. ಜೊತೆಗೆ ಕಳಿಸಿದ್ದ ಕಾಮೆಂಟುಗಳನ್ನೂ ಓದಿದೆ, ಓದಬಾರದಿತ್ತು. ಅಧ್ಯಾಯ ಎಷ್ಟು ಉದ್ದ ಇರಬೇಕು, ಪ್ರಕಾಶಕರನ್ನು ಹೇಗೆ ಹುಡುಕೋದು ಅಂತೆಲ್ಲ ಕೇಳಿದ್ದೀಯ. ಅದನ್ನು ಯಾರು ಬೇಕಾದರೂ ಹೇಳಿಕೊಟ್ಟಾರು, ಬಿಡು. ಅಲ್ಪಪ್ರಾಣ ಮಹಾಪ್ರಾಣದ ಗೋಳನ್ನು ಕರಡು ತಿದ್ದುವವರು ನೋಡಿಕೊಳ್ಳಲಿ. "ಓದುಗರು ಬೈತಿದ್ದಾರೆ, ಬರೆಯೋದನ್ನೇ ಬಿಡ್ತೀನಿ" ಅಂದಿದ್ದೀಯಲ್ಲ, ಅದು ಮಾತ್ರ ನನ್ನನ್ನು ಕೂರಲು ಬಿಡಲಿಲ್ಲ. ಬೈಗುಳ ನಿನ್ನನ್ನು ಏನೂ ಮಾಡಿಲ್ಲ ಮಾರಾಯ್ತಿ. ಅದಕ್ಕೂ ಮುಂಚೆ ಬಂದ ಹೊಗಳಿಕೆ ಕೆಡಿಸಿತು.

ನಿನ್ನ ಕಥೆ ಅಂದರೆ ಸಿಯೋಲಿನ ಶ್ರೀಮಂತರ ಶಾಲೆ, ಒಂದು ಗೆಳೆಯರ ಗುಂಪು, ಒಬ್ಬಳು ಬಡ ಹುಡುಗಿ, ಅವಳಿಗಾಗಿ ಇಬ್ಬರು ಹುಡುಗರ ಗುದ್ದಾಟ. ಎಲ್ಲಿಂದ ಬಂತು ಅಂತ ನೀನು ಹೇಳದಿದ್ದರೂ ಗೊತ್ತಾಗುತ್ತದೆ. ಗೋಳು ಹೊಯ್ದುಕೊಳ್ಳಬೇಕಾದವರ ಲಾಕರಿಗೆ ಹಾಕುವ ಕೆಂಪು ಕಾರ್ಡು 2009ರ ಕೊರಿಯನ್ ಧಾರಾವಾಹಿ 'ಬಾಯ್ಸ್ ಓವರ್ ಫ್ಲವರ್ಸ್'ನದು, ಅದಕ್ಕೂ ಹಿಂದೆ ಜಪಾನಿನ ಮಾಂಗಾದ್ದು, ಅಂದರೆ ಚಿತ್ರಕಥೆಯದು. ಮಿಕ್ಕದ್ದು 2013ರ ಇನ್ನೊಂದು ಕೊರಿಯನ್ ಧಾರಾವಾಹಿ 'ದಿ ಏರ್ಸ್'ನದು. ತಂದದ್ದಕ್ಕೆ ನನ್ನ ತಕರಾರಿಲ್ಲ. ಸೊಸೆಯ ಒತ್ತಾಯಕ್ಕೆ ಆ 20 ಕಂತನ್ನೂ ನೋಡಿದವಳು ನಾನು, ಕೊನೆಕೊನೆಗೆ ಅವಳು ಮಲಗಿದ ಮೇಲೂ ಕದ್ದು ನೋಡಿದ್ದೇನೆ. ತರುವಾಗ ಏನನ್ನು ಅಲ್ಲೇ ಬಿಟ್ಟು ಬಂದೆ ಅನ್ನೋದು ನನ್ನ ತಕರಾರು.

'ದಿ ಏರ್ಸ್'ನಲ್ಲಿ ಆ ಬಡ ಹುಡುಗಿ ಚಾ ಉನ್-ಸಾಂಗ್ ವಾಸ ಇರೋದು ಎಲ್ಲಿ ಹೇಳು? ಹೀರೋ ಕಿಮ್ ತಾನ್ ಮನೆಯಲ್ಲೇ, ಕೆಲಸದವರ ಪುಟ್ಟ ಕೋಣೆಯಲ್ಲಿ, ಅಮ್ಮನ ಜೊತೆ. ಅಮ್ಮನಿಗೆ ಮಾತು ಬರುವುದಿಲ್ಲ, ಯಜಮಾನಿಗೆ ಹೇಳಬೇಕಾದ್ದನ್ನು ಹಾಳೆಯ ಮೇಲೆ ಬರೆದು ತೋರಿಸುತ್ತಾಳೆ. ಆ ಯಜಮಾನಿಯೂ ಕಾಗದಪತ್ರದಲ್ಲಿ ಹೆಂಡತಿ ಅಲ್ಲ. ಅವಳು ಹೆತ್ತ ತಾನ್ ದಾಖಲೆಯಲ್ಲಿ ಇನ್ನೊಬ್ಬಳ ಮಗ, ಆ ಇನ್ನೊಬ್ಬಳೇ ಶಾಲೆಯ ಮುಖ್ಯಸ್ಥೆ. ಇಷ್ಟೆಲ್ಲ ಇರುವಾಗ ತಾನ್ ಆ ಹುಡುಗಿಯನ್ನು ಕಾರಿಡಾರಿನಲ್ಲಿ ಸುಮ್ನೆ ನೋಡಿದರೂ ಸಾಕು, ಎದೆ ಹೊಡೆದುಕೊಳ್ಳುತ್ತದೆ. ಗೊತ್ತಾದರೆ ಮಗಳ ಸೂರು ಹೋಯಿತು, ಅಮ್ಮನ ಸಂಬಳ ಹೋಯಿತು. ಶಾಲೆಯಲ್ಲಿ ಬಡವರ ಕೋಟಾದಲ್ಲಿ ಬಂದವರನ್ನು ಎರಡನೇ ಹೀರೋ ಚೋಯ್ ಯಂಗ್-ದೋ ಹೇಗೆ ಗೋಳು ಹೊಯ್ದುಕೊಳ್ಳುತ್ತಾನೆ ಅಂತ ಶುರುವಿನಲ್ಲೇ ತೋರಿಸಿಬಿಟ್ಟಿದ್ದಾರೆ, ಹಾಗಾಗಿ ಉನ್-ಸಾಂಗ್ ಶಾಲೆಯಲ್ಲಿ ಹೊಸ ಶ್ರೀಮಂತರ ಮಗಳಂತೆ ನಟಿಸುತ್ತಿರುವುದು ಸುಳ್ಳು ಅಂತ ಅವನಿಗೆ ತಿಳಿದಾಗ ಅವಳ ಜುಟ್ಟು ಅವನ ಕೈಗೆ ಸಿಕ್ಕಿತು, ಆಮೇಲೆ ಅವನು ಅವಳ ಹತ್ತಿರ ಬಂದಾಗಲೆಲ್ಲ ಪ್ರೀತಿಯೋ ಬೆದರಿಕೆಯೋ ನಮಗೂ ಗೊತ್ತಾಗುವುದಿಲ್ಲ, ಅವನಿಗೂ ಗೊತ್ತಾಗುವುದಿಲ್ಲ.

ನಿನ್ನ ಕಥೆಯಲ್ಲೂ ಒಬ್ಬ ಅಮ್ಮ ಇದ್ದಳು. ಶಾಲೆಯ ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುವವಳು. 4ನೇ ಅಧ್ಯಾಯದಲ್ಲಿ ಮಗಳು ಗೆಳೆಯರ ಜೊತೆ ಉಂಡು ಎದ್ದು ಎಂಜಲು ತಟ್ಟೆಯನ್ನು ಕಿಟಕಿಯೊಳಗೆ ತಳ್ಳುತ್ತಾಳೆ. ಆಚೆಯಿಂದ ಎರಡು ಕೈ ಮಾತ್ರ ಕಾಣುತ್ತವೆ. ಒಡೆದ ಹೆಬ್ಬೆರಳಿನ ಉಗುರು ನೋಡಿ ಮಗಳಿಗೆ ಗುರುತು ಸಿಗುತ್ತದೆ, ತಟ್ಟೆ ಬಿಟ್ಟು ಗೆಳೆಯರ ನಗುವಿಗೆ ತಾನೂ ನಗುತ್ತಾಳೆ. ಓದಿ ನಾನು ಕನ್ನಡಕ ತೆಗೆದಿಟ್ಟು ಹಿತ್ತಲಿಗೆ ಹೋಗಿ ಬಂದೆ. ಅದಕ್ಕೆ ಬಂದ ಕಾಮೆಂಟು ಎರಡು. 7ನೆಯದರಲ್ಲಿ ಮಳೆ ಬಂತು, ಎರಡನೇ ಹುಡುಗ ಜಾಕೆಟ್ ಬಿಚ್ಚಿಕೊಟ್ಟ, ಜಾತ್ರೆಯೇ ಸೇರಿತು. ಅಲ್ಲಿಂದ ಮುಂದೆ ಅಮ್ಮ ನಾಪತ್ತೆ. ಬರೀ ಮಳೆ.

"ಎರಡನೇ ಹೀರೋಗೆ ಅನ್ಯಾಯ ಮಾಡಬೇಡಿ" ಅಂದರು, ನೀನು ಅವನನ್ನು ದೇವರು ಮಾಡಿದೆ. ಅವನು ದೇವರಾಗಬೇಕಾದರೆ ಮೊದಲನೆಯವನು ಕಟುಕನಾಗಬೇಕು, ಹುಡುಗಿ ಪೆದ್ದಿಯಾಗಬೇಕು. ಇಬ್ಬರೂ ಆದರು. ಯಂಗ್-ದೋಗೂ ಜನ ಕಡಿಮೆ ಮರುಗಲಿಲ್ಲ. ಬರೆದ ಕಿಮ್ ಉನ್-ಸೂಕ್ ಮರುಗುವಷ್ಟು ಕೊಟ್ಟಿದ್ದರು: ಕೈ ಮಾಡುವ ಅಪ್ಪ, ಬಿಟ್ಟುಹೋದ ಅಮ್ಮ, ಅಂಗಡಿ ಮುಂದಿನ ಮೇಜಿಗೆ ತಲೆಯಿಟ್ಟು ನಿದ್ದೆಹೋದ ಹುಡುಗಿಯ ಎದುರು ಅವನು ಕೂತು ನೋಡುವ ಹೊತ್ತು. ಆದರೆ ಅವನ ಪುಂಡತನವನ್ನು ಒರೆಸಿಹಾಕಲಿಲ್ಲ, ಹುಡುಗಿಯನ್ನೂ ಕೊಡಲಿಲ್ಲ. ಅದೂ ಎಂಥ ಗಡಿಬಿಡಿಯಲ್ಲಿ! ಅಕ್ಟೋಬರ್ 9ಕ್ಕೆ ಶುರು, ಡಿಸೆಂಬರ್ 12ಕ್ಕೆ ಮುಕ್ತಾಯ, ಬುಧವಾರ ಗುರುವಾರ ಒಂದೊಂದು ಕಂತು. ಆಗ ಕೊರಿಯಾದಲ್ಲಿ ಒಂದು ಕಡೆ ಪ್ರಸಾರ ಆಗುತ್ತಿರುವಾಗಲೇ ಇನ್ನೊಂದು ಕಡೆ ಬರೆದು ಶೂಟ್ ಮಾಡುವ ರೂಢಿ, ಅವತ್ತಿನ ದೃಶ್ಯ ಅವತ್ತೇ ಬಿಡಿ ಹಾಳೆಯಲ್ಲಿ ಸೆಟ್ಟಿಗೆ ಬರುತ್ತಿದ್ದದ್ದೂ ಉಂಟು. ರಾತ್ರಿ ಕಂತು ಮುಗಿದರೆ ಬೆಳಗ್ಗೆ ರೇಟಿಂಗ್ ಕೈಯಲ್ಲಿ. ನಿನಗಿಂತ ಜಾಸ್ತಿ ಗದ್ದಲ ಅಲ್ವಾ?

ನಮ್ಮ ಕಾಲದಲ್ಲಿ ಓದುಗರ ಪತ್ರಗಳು ಬರುತ್ತಿದ್ದವು. ಒಂದು ವಾರಪತ್ರಿಕೆಗೆ ಧಾರಾವಾಹಿ ಬರೆಯುತ್ತಿದ್ದೆ. ಸಂಪಾದಕರು ಪತ್ರಗಳ ಕಟ್ಟು ಮುಂದಿಟ್ಟು "ನಾಯಕಿಗೆ ಮದುವೆ ಮಾಡಿಸಿಬಿಡಿ" ಅಂದರು. ಆಗಲ್ಲ ಅಂದು ಬಂದೆ. ಕೊನೆಯ ಕಂತು ಅಚ್ಚಾಗಿ ಬಂದಾಗ ನೋಡಿದರೆ ಮದುವೆ ಆಗಿಹೋಗಿತ್ತು, ಓಲಗ ಸಮೇತ. ಯಾರೋ ನಾಲ್ಕು ಸಾಲು ಸೇರಿಸಿದ್ದರು. ಇವತ್ತಿಗೂ ಯಾರಾದರೂ ಸಿಕ್ಕಿ "ಅಮ್ಮಾ, ಆ ಕೊನೆ ಎಷ್ಟು ಚೆನ್ನಾಗಿತ್ತು" ಅಂದರೆ ಮೈ ಉರಿಯುತ್ತದೆ. ಆ ಪುಣ್ಯಾತ್ಮ ಸಂಪಾದಕರು ತೀರಿಕೊಂಡು ವರ್ಷಗಳಾದವು, ನನ್ನ ಸಿಟ್ಟು ಇನ್ನೂ ಗಟ್ಟಿಮುಟ್ಟಾಗಿದೆ. ನಿನ್ನ ವಿಷಯದಲ್ಲಿ ಆ ನಾಲ್ಕು ಸಾಲನ್ನು ನೀನೇ ಸೇರಿಸಿಕೊಂಡಿದ್ದೀಯ, ಅದೇ ನನಗೆ ತಡೆಯಲಾಗದ್ದು. ಬಸವಣ್ಣ ಹೊಗಳಿಕೆಯನ್ನು ಹೊನ್ನಶೂಲ ಅಂದರು, ಆಗ ಲೈಕ್ ಬಟನ್ ಕೂಡ ಇರಲಿಲ್ಲ.

ಇನ್ನು ನಿನ್ನ ಕಥೆಯ, ಹೀರೋ ಜೊತೆ ನಿಶ್ಚಿತಾರ್ಥ ಆದ ಆ ಹುಡುಗಿ. "ಇವಳು ಸಾಯಬಾರದಾ" ಅಂತ ಯಾರೋ ಬರೆದರು, ನೀನು 12ನೇ ಅಧ್ಯಾಯದಲ್ಲಿ ಕಾರಿನ ಕೆಳಗೆ ಹಾಕಿಬಿಟ್ಟೆ! 'ದಿ ಏರ್ಸ್'ನ ಯೂ ರೇಚಲ್‌ಳನ್ನು ಇನ್ನೊಮ್ಮೆ ನೋಡು. ತಾನ್ ಜೊತೆ ನಿಶ್ಚಯ ಆದದ್ದು ಎರಡು ಕಂಪನಿಗಳ ಲೆಕ್ಕಾಚಾರಕ್ಕೆ, ಇವಳು ಅದನ್ನು ನಿಜ ಅಂದುಕೊಂಡು ಮನಸ್ಸು ಕೊಟ್ಟಿದ್ದಾಳೆ. ಅಮ್ಮ ನೋಡಿದರೆ ಯಂಗ್-ದೋ ಅಪ್ಪನನ್ನು ಮದುವೆಯಾಗಲು ಹೊರಟಿದ್ದಾಳೆ, ತನಗೆ ಕಂಡರಾಗದ ಹುಡುಗನಿಗೆ ಇವಳು ತಂಗಿಯಾಗಬೇಕು. ಬಾಯಿ ಕೆಟ್ಟದ್ದು, ಒಪ್ಪಿದೆ. ಆದರೂ ಆ ಗುಂಪಿನಲ್ಲಿ ನನಗೆ ಕನಿಕರ ಹುಟ್ಟಿದ್ದು ಅವಳ ಮೇಲೇ. ನೀನು ಅಂಥವಳನ್ನು ಸರಿಯಾಗಿ ಬರೆಯಬಲ್ಲೆ, 3ನೇ ಅಧ್ಯಾಯದಲ್ಲಿ ಅವಳು ಉಂಗುರವನ್ನು ಸೋಪು ಹಚ್ಚಿ ತೆಗೆದು ಮತ್ತೆ ಹಾಕಿಕೊಳ್ಳುವುದನ್ನು ನೋಡಿಯೇ ಹೇಳುತ್ತಿದ್ದೇನೆ. ಅದಕ್ಕೂ ಕಾಮೆಂಟು ಇರಲಿಲ್ಲ.

ಫೋನಿನಿಂದ ಆ ಆ್ಯಪ್ ತೆಗೆದುಹಾಕು. 7ರಿಂದ ಮುಂದಿನದ್ದನ್ನು ಹೊಸದಾಗಿ ಬರಿ, ಆ ಹುಡುಗಿಯನ್ನು ಮೊದಲು ಕಾರಿನ ಕೆಳಗಿಂದ ಎತ್ತು. ಪಿಡಿಎಫ್ ಬೇಡ, ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ ಪೋಸ್ಟ್ ಮಾಡು. ಯುಗಾದಿ ಕಳೆದ ಮೇಲೆ ಎಡಗಣ್ಣಿನ ಪೊರೆ ತೆಗೆಸಬೇಕು, ಅಷ್ಟರೊಳಗೆ ಬಂದರೆ ಒಳ್ಳೇದು. ಹೊತ್ತಿಗೆ ಸರಿಯಾಗಿ ಊಟ ಮಾಡು, ಫೋಟೋದಲ್ಲಿ ಸೊರಗಿದ್ದೀಯ.

ನಿನ್ನ ಅಕ್ಕ